ತಳವಿಲ್ಲದ ಬೆಳ್ಳಿಬಟ್ಟಲು

"ನನಗೆ ಡಿಸೈನ್ ಗಿಸೈನ್ ಏನೂ ಬೇಡ ಕಣಮ್ಮ. ಮುಚ್ಚಳ ಸಲೀಸಾಗಿ ತೆಗೆಯೋ ಹಾಗೆ ಮಾಡ್ಕೊಡಿ, ಸಾಕು."

ಜಯನಗರ ನಾಲ್ಕನೇ ಬ್ಲಾಕಿನ ಬೆಳ್ಳಿ ಅಂಗಡಿಯ ಮಹಡಿಯಲ್ಲಿ, ನನ್ನ ಮೇಜಿನ ಎದುರು ಕೂತು ಆ ಹಿರಿಯ ಹೆಂಗಸು ಹೀಗೆಂದಾಗ ನನಗೆ ಒಳಗೊಳಗೇ ನಗು ಬಂತು. ಆ ಅಂಗಡಿಯಲ್ಲಿ ನನ್ನ ಕೆಲಸದ ಹೆಸರೇ ಡಿಸೈನರ್. ನಮ್ಮ ಮಾಲೀಕರ ಪ್ರಕಾರ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳಿವೆ: ಪ್ಲೇನು ಮತ್ತು ಡಿಸೈನು. ಪ್ಲೇನ್ ಎಂದರೆ ಏನೂ ಇಲ್ಲದ್ದು. ಡಿಸೈನ್ ಎಂದರೆ ಅದರ ಮೇಲೊಂದು ಮಾವಿನಕಾಯಿ, ನವಿಲು, ಕಮಲ, ಇಲ್ಲವೇ ಮೂರೂ ಒಟ್ಟಿಗೆ. ಗಿರಾಕಿಗಳು "ಇದರಲ್ಲೇ ಬೇರೆ ಡಿಸೈನ್ ತೋರಿಸಿ" ಎಂದಾಗ ನಾನು ಕಂಪ್ಯೂಟರಿನಲ್ಲಿ ನವಿಲಿನ ಕತ್ತು ಆ ಕಡೆಯಿಂದ ಈ ಕಡೆಗೆ ತಿರುಗಿಸುತ್ತಿದ್ದೆ. ಕಾಲೇಜಿನಲ್ಲಿ ಆ ಪದಕ್ಕೆ ಬೇರೆಯದೇ ಅರ್ಥ ಹೇಳಿಕೊಟ್ಟಿದ್ದರು. ಒಬ್ಬ ಮನುಷ್ಯನಿಗೆ ಯಾವುದೋ ಒಂದು ಕೆಲಸ ಆಗುತ್ತಿಲ್ಲ, ಅದು ಆಗುವ ಹಾಗೆ ವಸ್ತುವನ್ನು ಯೋಚಿಸು ಎಂದಿದ್ದರು. ಅಂಥದ್ದೊಂದು ಕೆಲಸ ಜೀವನದಲ್ಲಿ ಒಮ್ಮೆಯಾದರೂ ಕೈಗೆ ಬರಲಿ ಎಂದು ನಾನು ಎಷ್ಟು ಹಂಬಲಿಸಿದ್ದೆನೆಂದರೆ, ಅದು ಬಂದು ಎದುರಿಗೆ ಕೂತಾಗ ಗುರುತೇ ಹಿಡಿಯಲಿಲ್ಲ.

ಅವರು ತಿಪಟೂರು ಕಡೆಯ ಲಿಂಗಾಯತರು. ಗಂಡ ತೀರಿಕೊಂಡ ಮೇಲೆ ಚಿಕ್ಕಲಸಂದ್ರದಲ್ಲಿ ಮಗ ಸೊಸೆಯ ಜೊತೆಗಿದ್ದರು. ಜೊತೆಗೆ ಬಂದಿದ್ದ ಸೊಸೆಗೆ ಬ್ಯಾಂಕಿನಲ್ಲಿ ಕೆಲಸ. ವಿಷಯ ಹೇಳಿದ್ದು ಅವರೇ.

"ಅತ್ತೆಗೆ ಪಾರ್ಕಿನ್ಸನ್ ಆಗಿದೆ ಮೇಡಂ. ಕೈ ನಡುಗುತ್ತೆ. ಎಡಗೈ ಜಾಸ್ತಿ. ದಿನಾ ಲಿಂಗಪೂಜೆ ಮಾಡ್ಕೊಳ್ಳೋಕೆ ಕಷ್ಟ ಆಗ್ತಿದೆ. ಕರಡಿಗೆ ಮುಚ್ಚಳ ಬಿಗಿ ಇದೆ ಅಂತಾರೆ."

ಹಿರಿಯರು ಸೆರಗಿನೊಳಗಿನಿಂದ ಕರಡಿಗೆಯನ್ನು ತುಸುವೇ ಹೊರಗೆಳೆದು ತೋರಿಸಿದರು. ಕೊರಳಿನ ಶಿವದಾರಕ್ಕೆ ಕಟ್ಟಿದ, ಹಳೆಯದಾಗಿ ಮೂಲೆಗಳೆಲ್ಲ ನುಣುಪಾದ ಬೆಳ್ಳಿಯ ಪುಟ್ಟ ಸಂಪುಟ. ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಇಷ್ಟಲಿಂಗ. ದಿನಾ ಬೆಳಿಗ್ಗೆ ಅದನ್ನು ಹೊರತೆಗೆದು ಎಡಗೈಯ ಅಂಗೈಮೇಲಿಟ್ಟು, ವಿಭೂತಿ ಧರಿಸಿ, ಪತ್ರೆ ಏರಿಸಿ, ದೃಷ್ಟಿಯಿಟ್ಟು ಕೂರುವುದೇ ಪೂಜೆ. ಕರಡಿಗೆಯನ್ನು ಕೊರಳಿನಿಂದ ತೆಗೆದು ಅಂಗಡಿಯಲ್ಲಿ ಬಿಟ್ಟುಹೋಗುವ ಪ್ರಶ್ನೆಯೇ ಇರಲಿಲ್ಲ. ಅವರು ಕೂತಲ್ಲೇ ನಾನು ಕ್ಯಾಲಿಪರ್ ಹಿಡಿದು, ಸಂಕೋಚದಿಂದ, ಹೊರಗಿನ ಅಳತೆ ತೆಗೆದುಕೊಂಡೆ.

"ಆಗದಿದ್ರೆ ಬಿಡಿ," ಎಂದರು ಎದ್ದು ಹೊರಡುವಾಗ. "ಕರಡಿಗೇನೇ ಕಣ್ಣಿಗೊತ್ಕೊಂಡು ಸುಮ್ಮನಾಗ್ತೀನಿ."

ಹೇಳಿದ ರೀತಿ ಹಗುರವಾಗಿತ್ತು. ಆದರೆ ಪಕ್ಕದಲ್ಲಿದ್ದ ಸೊಸೆಯ ಮುಖ ಸಣ್ಣದಾದದ್ದನ್ನು ನಾನು ಗಮನಿಸಿದೆ.

ನಾನು ಉತ್ಸಾಹದಿಂದ ಕೆಲಸಕ್ಕೆ ಕೂತೆ. ಮುಚ್ಚಳಕ್ಕೊಂದು ಸಣ್ಣ ಬಿಜಾಗರಿ, ಎದುರು ಬದಿಯಲ್ಲಿ ಅಗಲವಾದ ಒತ್ತುಗುಂಡಿ. ನಡುಗುವ ಬೆರಳು ಎಲ್ಲಿ ಬಿದ್ದರೂ ಗುಂಡಿ ಸಿಗಬೇಕು, ಮಲಗಿ ಮಗ್ಗುಲಾದಾಗ ತಾನಾಗಿ ತೆರೆಯಬಾರದು. ಎರಡು ಸಲ ಎರಕ ಹೊಯ್ಯಿಸಿ, ಕೊಂಡಿಯ ಬಿಗಿ ಸರಿಹೊಂದಿಸಿ, ಹೊಸ ಕರಡಿಗೆ ಸಿದ್ಧವಾಯಿತು. ಅವರು ಅಂಗಡಿಗೆ ಬಂದು ಒತ್ತಿ ನೋಡಿದರು. ಟಕ್ ಎಂದು ತೆರೆಯಿತು. ಎಲ್ಲರಿಗೂ ಸಂತೋಷ. ಮುಂದಿನ ವಾರವೇ ಸೊಸೆ ಫೋನ್ ಮಾಡಿದರು. ಅತ್ತೆ ಮತ್ತೆ ಹಳೆಯದನ್ನೇ ಕಟ್ಟಿಕೊಂಡಿದ್ದಾರಂತೆ. ಯಾಕೆಂದು ಕೇಳಿದರೆ "ಚೆನ್ನಾಗಿದೆ, ಇರಲಿ" ಎನ್ನುತ್ತಾರಂತೆ.

ನನಗೆ ಸಿಟ್ಟು ಬಂತು. ಮಾಲೀಕರ ಹತ್ತಿರ ಗೊಣಗಿಕೊಂಡೆ. "ಹೇಳಿದ್ನಲ್ಲಮ್ಮ, ಒಂದು ನಂದಿ ಹಾಕ್ಸಿ ಅಂತ," ಎಂದರು ಅವರು. "ಪ್ಲೇನ್ ಕೊಟ್ರೆ ಯಾರಿಗೂ ಮನಸ್ಸಿಗೆ ಬರಲ್ಲ." ಅವರ ಜೊತೆ ವಾದಿಸುವುದಕ್ಕಿಂತ ಚಿಕ್ಕಲಸಂದ್ರಕ್ಕೆ ಹೋಗಿಬರುವುದೇ ವಾಸಿ ಎನಿಸಿ, ಬೆಳಿಗ್ಗೆ ಪೂಜೆಯ ಹೊತ್ತಿಗೇ ಬರುತ್ತೇನೆಂದು ಹೇಳಿದೆ. ಹಿರಿಯರು ಒಪ್ಪುತ್ತಾರೋ ಇಲ್ಲವೋ ಎಂಬ ಅನುಮಾನವಿತ್ತು. "ಬಾಗಿಲ ಹತ್ರ ಕೂತ್ಕೊಳ್ಳಿ, ಪರವಾಗಿಲ್ಲ," ಎಂದರು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗಂತೂ ಆ ಬಾಗಿಲ ಹತ್ತಿರ ಕೂರುವುದೇ ಬೇಕಾಯಿತು. ಅವರು ಹಳೆಯ ಕರಡಿಗೆಯ ಮುಚ್ಚಳವನ್ನು ಬಲಗೈಯಿಂದ ಯಾವ ತೊಂದರೆಯೂ ಇಲ್ಲದೆ ತೆಗೆದರು. ಬಲಗೈ ಕೆಲಸದಲ್ಲಿ ತೊಡಗಿದೊಡನೆ ನಡುಕ ಅಷ್ಟಾಗಿ ಕಾಣಲೇ ಇಲ್ಲ. ಬಟ್ಟೆ ಬಿಡಿಸಿದರು. ಆಮೇಲೆ ಸುಮ್ಮನೆ ಕಾದರು. ಅಡುಗೆಮನೆಯಿಂದ ಸೊಸೆ ಒದ್ದೆ ಕೈಯನ್ನು ಒರೆಸಿಕೊಳ್ಳುತ್ತಾ ಬಂದು, ಪಕ್ಕದಲ್ಲಿ ಕೂತು, ಅತ್ತೆಯ ಎಡಗೈಯ ಕೆಳಗೆ ತನ್ನ ಅಂಗೈಯನ್ನು ಕೊಟ್ಟು ಭದ್ರವಾಗಿ ಹಿಡಿದರು. ಆಗಷ್ಟೇ ಹಿರಿಯರು ಲಿಂಗವನ್ನು ಅಂಗೈಮೇಲಿಟ್ಟರು. ಇಬ್ಬರೂ ಹಾಗೇ ಕೂತರು. ಸೊಸೆಗೆ ಬ್ಯಾಂಕಿಗೆ ಹೊರಡುವ ಹೊತ್ತು. ಕುಕ್ಕರ್ ಒಂದು ಕಡೆ ಕೂಗುತ್ತಿತ್ತು. ಪೂಜೆ ಬೇಗ ಮುಗಿಯಿತು.

ತೊಂದರೆ ಇದ್ದದ್ದು ಮುಚ್ಚಳದಲ್ಲಿ ಅಲ್ಲವೇ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಸುಮ್ಮನಿದ್ದಾಗಲೇ ಹೆಚ್ಚು ನಡುಗುವ ಆ ಎಡಗೈ, ಲಿಂಗ ಹೊತ್ತು ಅಲುಗದೆ ಇರಬೇಕಾದ ಆ ಅರ್ಧ ಗಳಿಗೆಯೇ ತೊಂದರೆ.

ಅಡುಗೆಮನೆಯಲ್ಲಿ ಸೊಸೆಯನ್ನು ಕೇಳಿದೆ. "ಇದನ್ನ ಯಾಕೆ ಮೊದಲೇ ಹೇಳಲಿಲ್ಲ? ಕೈಯಿಂದ ಜಾರಿ..."

ಅವರು ನನ್ನ ಮಾತನ್ನು ಅಲ್ಲಿಗೇ ತಡೆದರು. "ಆ ಮಾತು ಈ ಮನೇಲಿ ಯಾರೂ ಆಡಲ್ಲ ಮೇಡಂ. ಬಾಯಲ್ಲೂ ಬರಬಾರದು. ಅದಕ್ಕೇ ಅತ್ತೆ ಮುಚ್ಚಳ ಬಿಗಿ ಅಂತಾರೆ. ನಾವೂ ಹ್ಞೂಂ ಅಂತೀವಿ."

ಹೇಳಬಾರದ ಮಾತನ್ನು ಮನೆಮಂದಿಯೆಲ್ಲ ಸೇರಿ ಒಂದು ಮುಚ್ಚಳದ ಮೇಲೆ ಹಾಕಿದ್ದರು. ನಾನು ಆ ಮುಚ್ಚಳಕ್ಕೆ ಬಿಜಾಗರಿ ಕೂರಿಸಿದ್ದೆ.

ಹಿರಿಯರು ನಡುಮನೆಯಲ್ಲಿ ಕೂತಿದ್ದರು. ಹೊರಡುವ ಮುನ್ನ ಅವರ ಹತ್ತಿರ ಕೂತೆ. ಸೊಸೆ ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ಅವರೇ ಮಾತು ತೆಗೆದರು.

"ಅವಳದ್ದು ತಪ್ಪಲ್ಲ. ಪಾಪ, ಕೈ ಕೊಡ್ತಾಳೆ. ಆದರೆ ಕಣ್ಣು ಗಡಿಯಾರದ ಮೇಲಿರುತ್ತೆ. ನಂಗೂ ಗೊತ್ತಾಗುತ್ತೆ. ಮೊದಲೆಲ್ಲ ನಾನು ಹೊತ್ತು ಮರೆತು ಕೂರ್ತಿದ್ದೆ ಕಣಮ್ಮ. ಎದುರಿಗೆ ಅದೊಂದೇ. ಈಗ ಇಬ್ಬರು ಕೂರ್ತೀವಲ್ಲ, ಇಬ್ಬರಾದ ಮೇಲೆ ಅದು ಬೇರೇನೇ ಆಗೋಗುತ್ತೆ."

"ಎಷ್ಟು ವರ್ಷದಿಂದ ಇದೆ ನಿಮ್ಮ ಹತ್ರ?" ಎಂದು ಕೇಳಿದೆ.

"ಹುಟ್ಟಿದಾಗಿಂದ. ಅಯ್ಯನೋರು ಬಂದು ಕಟ್ಟಿದ್ದು. ಮಲಗ್ಲಿ, ಹೆರಿಗೆಗೆ ಹೋಗ್ಲಿ, ಆಸ್ಪತ್ರೆಗೆ ಹೋಗ್ಲಿ, ಬಿಟ್ಟಿಲ್ಲ."

ಆ ಮಾತು ನನ್ನನ್ನು ಎಲ್ಲೋ ತಟ್ಟಿತು. ನಮ್ಮ ಮನೆಯ ದೇವರಪೆಟ್ಟಿಗೆಯಲ್ಲಿ ಸಾಲಿಗ್ರಾಮಗಳಿದ್ದವು. ಅಪ್ಪ ಮಡಿಯುಟ್ಟು ಅವಕ್ಕೆ ಅಭಿಷೇಕ ಮಾಡುವುದನ್ನು ನಾನು ದೂರದಲ್ಲಿ ಕೂತು ನೋಡುತ್ತಿದ್ದೆ. ಕಪ್ಪಗೆ, ನುಣ್ಣಗೆ, ನೀರಿನಲ್ಲಿ ಹೊಳೆಯುವ ಆ ಕಲ್ಲುಗಳನ್ನು ಹೆಣ್ಣುಮಕ್ಕಳು ಮುಟ್ಟುವಂತಿರಲಿಲ್ಲ. ನಮಗೆ ತೀರ್ಥ ಮಾತ್ರ. ತಣ್ಣಗಿರುತ್ತದೋ, ಬೆಚ್ಚಗಿರುತ್ತದೋ, ಕೈಯಲ್ಲಿ ಎಷ್ಟು ಭಾರ ಬರುತ್ತದೋ ಎಂದು ಬಾಲ್ಯವೆಲ್ಲ ಅಂದಾಜು ಮಾಡಿದ್ದೇ ಆಯಿತು. ದೇವರಲ್ಲಿ ನನಗೆ ಈಗ ಅಂಥ ನಂಬಿಕೆಯೇನೂ ಉಳಿದಿಲ್ಲ. ಆದರೂ ಆ ಕಲ್ಲನ್ನು ಒಮ್ಮೆ ಹಿಡಿಯಬೇಕಿತ್ತು ಎನ್ನುವ ಆಸೆ ಮಾತ್ರ ಹೋಗಿಲ್ಲ. ಇಲ್ಲೊಬ್ಬ ಹೆಂಗಸು ಹುಟ್ಟಿದಂದಿನಿಂದ ತನ್ನ ದೇವರನ್ನು ಅಂಗೈಮೇಲಿಟ್ಟುಕೊಂಡು ಬದುಕಿದ್ದಾರೆ. ಈಗ ಆ ಅಂಗೈ ಕೈಕೊಡುತ್ತಿದೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚೂ ದುಃಖವೂ ಒಟ್ಟಿಗೇ ಬಂದವು.

ನಾನು ಮೊದಲು ಯೋಚಿಸಿದ್ದು ಬಟ್ಟಲು. ಅಂಗೈಗೆ ಕಟ್ಟಿಕೊಳ್ಳುವ ಪುಟ್ಟ ಬೆಳ್ಳಿಬಟ್ಟಲು. ಅದರೊಳಗೆ ಲಿಂಗವಿಟ್ಟರೆ ಕೈ ಎಷ್ಟು ನಡುಗಿದರೂ ಭಯವಿಲ್ಲ. ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ ಮಾದರಿ ತೆಗೆದು ಕೊಂಡೊಯ್ದೆ. ಅವರು ಅದನ್ನು ಅಂಗೈಮೇಲಿಟ್ಟು ನೋಡಿ, ತಿರುಗಿಸಿ, ಮೆಲ್ಲಗೆ ಕೆಳಗಿಟ್ಟರು.

"ಅಂಗೈಗೂ ಲಿಂಗಕ್ಕೂ ನಡುವೆ ಬೆಳ್ಳಿ ಬಂತಲ್ಲಮ್ಮ."

"ತೆಳ್ಳಗೆ ಮಾಡಿಸ್ತೀನಿ."

"ತೆಳ್ಳಗಾದ್ರೂ ನಡುವೆ ನಡುವೇನೇ. ಬಟ್ಟಲಲ್ಲಿಡೋದಾದ್ರೆ ಪೀಠದ ಮೇಲಿಟ್ಟು ದೂರ ಕೂರಬಹುದಿತ್ತು. ಅದರ ತಂಪು ಕೈಗೆ ತಾಗಬೇಕು. ಸ್ವಲ್ಪ ಹೊತ್ತಿಗೆ ನನ್ನ ಬಿಸಿ ಅದಕ್ಕೆ ತಾಗುತ್ತೆ. ಆಮೇಲೆ ಯಾವುದು ಕೈ, ಯಾವುದು ಲಿಂಗ ಅಂತ ತಿಳಿಯಲ್ಲ. ಅಷ್ಟೇ ನನಗೆ ಬೇಕಾಗಿರೋದು."

ಸ್ಕೂಟರಿನಲ್ಲಿ ಬಿಳೇಕಹಳ್ಳಿಯ ನನ್ನ ಮನೆಗೆ ವಾಪಸು ಹೋಗುತ್ತಾ ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡೆ. ಅಲ್ಲಿ ಸಿಕ್ಕಿಕೊಂಡವರಿಗೆ ಯೋಚನೆ ಮಾಡಲು ಪುರುಸೊತ್ತು ಬೇಕಾದಷ್ಟು. ನಡುವೆ ಬೆಳ್ಳಿ ಬೇಡವೆಂದರೆ ನಡುವಿನ ಬೆಳ್ಳಿಯನ್ನು ತೆಗೆಯಬೇಕು. ಬಟ್ಟಲಿಗೆ ತಳವೇ ಬೇಡ. ಸುತ್ತಲೂ ಗೋಡೆ, ಕೆಳಗೆ ಅವರ ಅಂಗೈಯೇ ತಳ. ಇಷ್ಟು ಸರಳವಾದ ಮಾತು ಹೊಳೆಯಲು ಅಷ್ಟು ಹೊತ್ತು ಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಹಿಂದಿನ ಆಟೋದವನು ಹಾರ್ನ್ ಹೊಡೆದು ನನ್ನನ್ನು ಎಬ್ಬಿಸಿದ.

ಸರಳ ಎಂದುಕೊಂಡದ್ದು ಸುಲಭವಾಗಿರಲಿಲ್ಲ. ಅಂಗೈ ಸಪಾಟಲ್ಲ. ಹೆಬ್ಬೆರಳಿನ ಬುಡದಲ್ಲಿ ದಿಬ್ಬ, ನಡುವೆ ತಗ್ಗು, ಕಿರುಬೆರಳಿನ ಕಡೆ ಮತ್ತೆ ಏರು. ಗೋಡೆಯ ಅಡಿ ಆ ಏರಿಳಿತಕ್ಕೆ ಸರಿಯಾಗಿ ಕೂರದಿದ್ದರೆ ಸಂದು ಬೀಳುತ್ತದೆ. ಅಂಗೈಯ ಅಚ್ಚು ಬೇಕಾಯಿತು. ಅಂಗಡಿಯಿಂದ ಅಚ್ಚಿನ ರಬ್ಬರ್ ಹಿಟ್ಟು ತಂದಿದ್ದೆ. ಅದರ ವಾಸನೆಗೆ ಅವರು ಮುಖ ಕಿವುಚಿದರು. ಕೊನೆಗೆ ಸೊಸೆ ಚಪಾತಿ ಹಿಟ್ಟನ್ನು ಗಟ್ಟಿಯಾಗಿ ನಾದಿ ಕೊಟ್ಟರು. ಉಂಡೆಯನ್ನು ಅಂಗೈಮೇಲೆ ಒತ್ತಿದರೆ, ಕೈ ನಡುಗಿ ಗೆರೆಗಳೆಲ್ಲ ಕಲಸಿಹೋದವು. ಇನ್ನೊಂದು ಉಂಡೆ, ಅದೂ ಹಾಗೇ. ಅವರಿಗೆ ಕೈಮೇಲೆ ಸಿಟ್ಟು ಬಂದು ಬಲಗೈಯಿಂದ ಎಡಗೈಗೆ ಒಂದೇಟು ಹಾಕಿಕೊಂಡರು. ನಾನು ಅವರ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ತೊಡೆಯ ಮೇಲಿಟ್ಟುಕೊಂಡು ಕೂತೆ. ಊರು, ಮಳೆ, ತೆಂಗಿನಕಾಯಿಯ ರುಚಿ ಅಂತ ಏನೇನೋ ಮಾತಾಡಿದೆವು. ಸ್ವಲ್ಪ ಹೊತ್ತಿನ ಮೇಲೆ ನಡುಕ ಇಳಿಯಿತು, ನಿಲ್ಲಲಿಲ್ಲ, ಇಳಿಯಿತು. ಸೊಸೆ ಮೆಲ್ಲಗೆ ಹಿಟ್ಟನ್ನು ಒತ್ತಿ ಎತ್ತಿದರು. ಈ ಸಲ ಅಂಗೈ ಅಂಗೈಯಾಗಿ ಬಂತು.

ಲಿಂಗದ ಅಳತೆಗೆ ಅವರು ಅದನ್ನು ಬಲಗೈಯಲ್ಲಿ ಹಿಡಿದು ತೋರಿಸಿದರು. ನಾನು ಮುಟ್ಟದೆ, ಕ್ಯಾಲಿಪರನ್ನು ಗಾಳಿಯಲ್ಲೇ ಪಕ್ಕಕ್ಕೆ ಹಿಡಿದು ಅಂದಾಜು ಮಾಡಿದೆ. ಮಾದರಿಗಳನ್ನು ಪರೀಕ್ಷಿಸಲು ಅಷ್ಟೇ ಗಾತ್ರದ ಬೆಟ್ಟದ ನೆಲ್ಲಿಕಾಯಿಯೊಂದರ ಅಡಿಯನ್ನು ಸಪಾಟಾಗಿ ಕೊಯ್ದು ಇಟ್ಟುಕೊಂಡೆವು. ಮೊದಲ ಮಾದರಿಯಲ್ಲಿ ಬೆರಳುಗಳಿಗೆ ಜಾಗ ಸಾಲಲಿಲ್ಲ. ನೆಲ್ಲಿಕಾಯಿ ಇಳಿಸಲು ಬರುತ್ತಿತ್ತು, ಎತ್ತಲು ಬರುತ್ತಿರಲಿಲ್ಲ. ಬಾಯಿಯನ್ನು ಅಗಲ ಮಾಡಿ, ಅಡಿಯನ್ನು ಬಿಗಿಯಾಗಿಯೇ ಉಳಿಸಿದೆ. ಎರಡನೆಯದರಲ್ಲಿ ಅಭಿಷೇಕದ ನೀರು ನಿಂತು ಮಡುಗಟ್ಟಿತು. ಕಿರುಬೆರಳಿನ ಕಡೆ ಒಂದು ಸಣ್ಣ ಗಂಡಿ ಬಿಟ್ಟೆ. ಅಂಗೈಗೆ ಕಟ್ಟಲು ಬೆಳ್ಳಿಪಟ್ಟಿ ಮಾಡಿಸಿದರೆ ನಾಲ್ಕು ಸಲ ಬಗ್ಗಿಸುವಷ್ಟರಲ್ಲಿ ಸಡಿಲವಾಯಿತು. ಚರ್ಮ ಪೂಜೆಗೆ ಬಾರದು. ವೆಲ್ಕ್ರೋ ತೋರಿಸಿದಾಗ ಅವರು ಅದನ್ನು ಚರ್ರೆಂದು ಕಿತ್ತು, ಸೊಸೆಯ ಮುಖ ನೋಡಿ ನಕ್ಕುಬಿಟ್ಟರು. "ಶಿವ ಎದ್ದೋಗ್ತಾನೆ ಕಣೇ ಈ ಸದ್ದಿಗೆ." ಕೊನೆಗೆ ಉಳಿದದ್ದು ಹತ್ತಿಯ ಬಿಳಿ ಪಟ್ಟಿ. ಹೆಬ್ಬೆರಳಿಗೆ ಒಂದು ಕುಣಿಕೆ ಸಿಕ್ಕಿಸಿ, ಹಿಂಗೈಯ ಮೇಲಿಂದ ತಂದು, ಬಲಗೈಯೊಂದರಿಂದಲೇ ಕೊಂಡಿಗೆ ಹಾಕಬಹುದು. ದಿನಾ ಒಗೆಯಬಹುದು.

ಮೇಣದಲ್ಲಿ ಅಚ್ಚು ಕೆತ್ತಿ ಎರಕಕ್ಕೆ ಕಳಿಸಿದೆ. ಮಾಲೀಕರು ಬಂದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. "ಬೆಟ್ಟ ಅಗೆದು ಇಲಿ ಹಿಡಿದ್ರಲ್ಲಮ್ಮ. ಒಂದು ಉಂಗುರ. ಇದರಲ್ಲಿ ಡಿಸೈನ್ ಎಲ್ಲಿದೆ?" ನಾನು ಅದನ್ನು ಪಾಲಿಷಿಗೆ ಕಳಿಸಿದೆ.

ಪಾಲಿಷ್ ಆಗಿ ಬಂದಾಗ ಒಳಗೋಡೆಯ ಸುತ್ತ ಸಾಲಾಗಿ ಬಿಲ್ವಪತ್ರೆಗಳಿದ್ದವು. ಸಣ್ಣ ಸಣ್ಣ ಮೂರೆಲೆ, ಒಂದೊಂದಕ್ಕೂ ನರ, ಅಷ್ಟು ಚೆಂದದ ಕೆತ್ತನೆ ನಾನು ಆ ಅಂಗಡಿಯಲ್ಲಿ ಹೆಚ್ಚು ನೋಡಿರಲಿಲ್ಲ. ಯಾರೂ ಹೇಳದಿದ್ದರೂ, ಕೂಲಿಯನ್ನೂ ಕೇಳದೆ, ನಮ್ಮ ಅಂಗಡಿಯ ಕೆತ್ತನೆಯವರೊಬ್ಬರು ಹಾಕಿದ್ದರು.

"ಪೂಜೆ ವಸ್ತು ಅಂದ್ರಿ. ಬೋಳು ಬೋಳಾಗಿ ಕಳ್ಸೋಕೆ ಮನಸ್ಸಾಗ್ಲಿಲ್ಲ ಮೇಡಂ," ಎಂದರು.

ಮಾಲೀಕರ ಮುಖ ಅರಳಿತ್ತು. ಫೋಟೋ ನೋಡಿದ ಸೊಸೆಗೂ ಇಷ್ಟವಾಯಿತು. ಹಬ್ಬದ ಆರ್ಡರುಗಳ ನಡುವೆ ಎಲ್ಲರೂ ಇದು ಮುಗಿಯಿತೆಂದೇ ತಿಳಿದರು. ನಾನು ಒಳಗೋಡೆಯ ಮೇಲೆ ಉಗುರು ಆಡಿಸಿ ನೋಡಿದೆ. ಎಲೆಯ ಅಂಚುಗಳು ತಾಗುತ್ತಿದ್ದವು. ಲಿಂಗದ ಮೇಲಿನ ಕಪ್ಪು ಲೇಪ, ಕಂಥಿ ಎನ್ನುತ್ತಾರೆ, ಮೃದು. ನಡುಗುವ ಕೈಯಲ್ಲಿ ದಿನಾ ಈ ಅಂಚುಗಳಿಗೆ ಉಜ್ಜಿದರೆ ಸವೆಯದೇ ಇರುವುದಿಲ್ಲ. ಅರದಿಂದ ಉಜ್ಜಿ ತೆಗೆಸಿದರೆ ಗೋಡೆ ತೀರ ತೆಳ್ಳಗಾಗುತ್ತಿತ್ತು. ಆ ಎಲೆಗಳನ್ನು ಬಿಡಲು ಮನಸ್ಸಾಗದೆ ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದೆ. ಆದರೂ ಅದನ್ನು ಕರಗಿಸಿ, ಮತ್ತೆ ಮೇಣದಿಂದ ಶುರುಮಾಡಬೇಕೆಂದೆ.

"ಅಷ್ಟು ಚೆನ್ನಾಗಿರೋದನ್ನಾ?" ಎಂದರು ಮಾಲೀಕರು.

"ಚೆನ್ನಾಗಿರೋದು ನೋಡೋಕೆ ಸಾರ್. ಇದು ಯಾರೂ ನೋಡೋ ವಸ್ತು ಅಲ್ಲ."

ಅವರು ಗೊಣಗಿದರು, ಆದರೆ ಬೇಡವೆನ್ನಲಿಲ್ಲ. ಕೆತ್ತನೆಯವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಹೊಸ ತುಂಡು ಬಂದಾಗ ಒಳಗೋಡೆಯನ್ನು ಹಿಡಿದು ಪಾಲಿಷ್ ಮಾಡಿದವರು ಮಾತ್ರ ಅವರೇ. ಉಗುರು ಆಡಿಸಿದರೆ ಎಲ್ಲೂ ಏನೂ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ತೆಗೆದುಕೊಂಡು ಹೋದೆ. ಹಿರಿಯರು ಸ್ನಾನ ಮುಗಿಸಿ ಕಾದಿದ್ದರು. ಮೊದಲು ನೆಲ್ಲಿಕಾಯಿಯಿಟ್ಟು ನೋಡಿದೆವು. ಕೈ ನಡುಗಿತು, ಕಾಯಿ ತನ್ನ ಪಾಡಿಗೆ ಕೂತಿತ್ತು. ಅವರು ಕಾಯಿ ತೆಗೆದು ನನ್ನ ಕೈಗೆ ಕೊಟ್ಟು, ಕೈ ತೊಳೆದುಕೊಂಡು, ಪೂಜೆಯ ಕೋಣೆಗೆ ಹೋದರು. ಅಭ್ಯಾಸದಂತೆ ಸೊಸೆ ಹಿಂದೆಯೇ ಹೊರಟರು. ನಾನೂ ಬಾಗಿಲ ಹತ್ತಿರದ ನನ್ನ ಜಾಗಕ್ಕೆ ಹೋಗಿ ಕೂರಲು ನೋಡಿದೆ. ನನ್ನ ಕೈಯಿಂದ ಹೋದ ವಸ್ತು ಯಾರದೋ ಕೆಲಸಕ್ಕೆ ಬರುವುದನ್ನು ಕಣ್ಣಾರೆ ಕಾಣುವ ದಿನಕ್ಕಾಗಿ ನಾನು ಅಷ್ಟೂ ವರ್ಷ ಕಾದಿದ್ದೆ.

ಹಿರಿಯರು ಬಾಗಿಲನ್ನು ಮುಂದಕ್ಕೆಳೆದುಕೊಂಡರು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.

ನಾವಿಬ್ಬರೂ ನಡುಮನೆಯ ಸೋಫಾದ ಮೇಲೆ ಕೂತೆವು. ಸೊಸೆ ಕಾಫಿ ತಂದಿಟ್ಟರು, ಇಬ್ಬರೂ ಮುಟ್ಟಲಿಲ್ಲ. ನೆಲದ ಮೇಲೆ ಸಣ್ಣ ಕಲ್ಲೊಂದು ಬಿದ್ದರೆ ಯಾವ ಸದ್ದಾಗುತ್ತದೆ ಎಂದು ನಾನು ಯೋಚಿಸುತ್ತಿದ್ದೆ. ಸೊಸೆಯೂ ಅದನ್ನೇ ಯೋಚಿಸುತ್ತಿದ್ದರು ಎಂದು ಅವರು ಉಸಿರಾಡುವ ರೀತಿಯಲ್ಲೇ ತಿಳಿಯುತ್ತಿತ್ತು. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು. ಪಕ್ಕದ ಮನೆಯ ನೀರಿನ ಮೋಟಾರು ಆನ್ ಆಯಿತು, ಆಫ್ ಆಯಿತು. ಒಳಗಿನಿಂದ ಏನೂ ಕೇಳಿಸಲಿಲ್ಲ. ಹೊತ್ತು ಸರಿಯುತ್ತಾ ಹೋಯಿತು. ಕಾಫಿಯ ಮೇಲೆ ಕೆನೆ ಕಟ್ಟಿತು.

"ಇಷ್ಟು ಹೊತ್ತು ಕೂತೇ ಇರಲಿಲ್ಲ," ಎಂದರು ಸೊಸೆ ಪಿಸುಮಾತಿನಲ್ಲಿ. "ನಾನು ಕೈ ಕೊಡ್ತಿದ್ದಾಗ."

ಅವರ ಎಡಗೈ ತೊಡೆಯ ಮೇಲೆ ಅಂಗಾತ ತೆರೆದೇ ಇತ್ತು. ಅವರಿಗದು ಗೊತ್ತಿರಲಿಲ್ಲ.

ಕೊನೆಗೆ ಚಿಲಕ ತೆಗೆದ ಸದ್ದಾಯಿತು. ಹಿರಿಯರು ಹೊರಬಂದರು. ಹಣೆಯಲ್ಲಿ ವಿಭೂತಿ, ಕರಡಿಗೆ ಆಗಲೇ ಸೆರಗಿನೊಳಗೆ. ಎಡಗೈ ಪಕ್ಕದಲ್ಲಿ ಎಂದಿನಂತೆಯೇ ನಡುಗುತ್ತಿತ್ತು. ನಾವಿಬ್ಬರೂ ಒಟ್ಟಿಗೇ ಎದ್ದು ನಿಂತೆವು.

"ಅತ್ತೆ, ಹೇಗಾಯ್ತು?"

ಅವರು ಆ ಪ್ರಶ್ನೆ ಯಾವುದರ ಬಗ್ಗೆ ಎಂದು ಅರ್ಥವಾಗದವರಂತೆ ಸೊಸೆಯನ್ನೂ ನನ್ನನ್ನೂ ನೋಡಿದರು.

"ಏನು ಹೇಗಾಯ್ತು? ಪೂಜೆ ಆಯ್ತು," ಎಂದರು. "ನೀವಿಬ್ಬರೂ ಇನ್ನೂ ತಿಂಡಿ ತಿಂದಿಲ್ವಾ?"